ಪರಿಹಾರಕ್ಕೆ ಅರ್ಜಿಯುಂಟು, ಹಾವಳಿಗೆ ಹೊಣೆಗಾರರಿಲ್ಲ

ಭತ್ತದ ತೆನೆ ಹಾಲುತುಂಬುವ ಹೊತ್ತಿಗೆ ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳ ಕಾಡಂಚಿನ ರೈತರ ರಾತ್ರಿವಾಸ ಮನೆಯಿಂದ ಮಾಳಕ್ಕೆ ಬದಲಾಗುತ್ತದೆ. ದಸರೆಯ ಆಸುಪಾಸಿನಲ್ಲಿ ಕಾಳಿ ಕಣಿವೆಯ ಕಾಡಿನಿಂದ ಹೊರಡುವ ಆನೆಗಳು ಗದ್ದೆಯಿಂದ ಗದ್ದೆಗೆ ಸಾಗಿ, ಸುಗ್ಗಿ ಮುಗಿದು ಸಂಕ್ರಾಂತಿ ಕಳೆಯುವ ವೇಳೆಗೆ ಹಿಂದಿರುಗುತ್ತವೆ. ಇದು ಆಕಸ್ಮಿಕವಲ್ಲ, ಊರಿನ ಹುಡುಗರಿಗೂ ಗೊತ್ತಿರುವ ವಾರ್ಷಿಕ ಸಂಚಾರ. ಆದರೂ ಪ್ರತಿ ವರ್ಷ ಮೊದಲ ಗದ್ದೆ ತುಳಿತಕ್ಕೆ ಸಿಕ್ಕಾಗ ಆಡಳಿತ ಆಗಷ್ಟೇ ನಿದ್ದೆಯಿಂದ ಎದ್ದಂತೆ ವರ್ತಿಸುತ್ತದೆ. ಪಟಾಕಿ ಹಂಚಲಾಗುತ್ತದೆ, ಪಂಚನಾಮೆ ನಡೆಯುತ್ತದೆ, ಪರಿಹಾರದ ಅರ್ಜಿ ಸ್ವೀಕೃತವಾಗುತ್ತದೆ. ಜನವರಿ ಕಳೆದ ಮೇಲೆ ಕಡತ ಮುಚ್ಚುತ್ತದೆ. ಮುಂದಿನ ಅಕ್ಟೋಬರಿನಲ್ಲಿ ಎಲ್ಲವೂ ಮತ್ತೆ ಮೊದಲಿನಿಂದ.

ಕಾಡುಪ್ರಾಣಿಗಳ ಹಾವಳಿ ಕುರಿತ ಚರ್ಚೆ ಸಾಮಾನ್ಯವಾಗಿ ಎರಡು ಬೇಡಿಕೆಗಳ ನಡುವೆ ಓಲಾಡುತ್ತದೆ: ಒಂದು, ಪರಿಹಾರ ಹೆಚ್ಚಿಸಿ, ಇನ್ನೊಂದು, ಆನೆಗಳನ್ನು ಹಿಡಿದು ಸಾಗಿಸಿ. ಇವೆರಡರ ನಡುವೆ ಕೇಳದೇ ಉಳಿಯುವ ಪ್ರಶ್ನೆ ಒಂದಿದೆ. ಹಾನಿಯನ್ನೇ ಕಡಿಮೆ ಮಾಡುವುದು ಯಾರ ಕೆಲಸ?

ಆನೆ ಒಂದು, ಕಡತ ಹಲವು

ದಾಂಡೇಲಿ ಅಭಯಾರಣ್ಯ ಘೋಷಣೆಯಾದದ್ದು 1956ರಲ್ಲಿ. ಅಣಶಿ ರಾಷ್ಟ್ರೀಯ ಉದ್ಯಾನ 1987ರಲ್ಲಿ. 2007ರಲ್ಲಿ ಇವೆರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರು. ಈ ಗಡಿಯ ಹೊರಗೆ ಕಾಲಿಟ್ಟ ಆನೆ ಹಳಿಯಾಳ ಅರಣ್ಯ ವಿಭಾಗಕ್ಕೆ ಸೇರುತ್ತದೆ. ಮುಂಡಗೋಡಕ್ಕೆ ಬಂದರೆ ಅದು ಯಲ್ಲಾಪುರ ವಿಭಾಗದ ಆನೆ. ಕಲಘಟಗಿಯತ್ತ ತಿರುಗಿದರೆ ಧಾರವಾಡದ ಲೆಕ್ಕಕ್ಕೆ, ಖಾನಾಪುರಕ್ಕೆ ದಾಟಿದರೆ ಬೆಳಗಾವಿಯ ಲೆಕ್ಕಕ್ಕೆ. ಆನೆಗೆ ಈ ಗಡಿಗಳ ಅರಿವಿಲ್ಲ. ಒಂದು ವಿಭಾಗದ ಸಿಬ್ಬಂದಿ ರಾತ್ರಿಯಿಡೀ ಓಡಿಸಿದ ಹಿಂಡು ಬೆಳಗಾಗುವಷ್ಟರಲ್ಲಿ ಪಕ್ಕದ ವಿಭಾಗದ ಊರಿಗೆ ತಲುಪಿದರೆ, ಒಂದು ಕಡೆ ಅದು ಯಶಸ್ಸೆಂದೂ ಇನ್ನೊಂದು ಕಡೆ ಹೊಸ ಹಾವಳಿಯೆಂದೂ ದಾಖಲಾಗುತ್ತದೆ.

ಹಾವಳಿಯ ಸ್ವರೂಪವೂ ಎಲ್ಲೆಡೆ ಒಂದೇ ಬಗೆಯದಲ್ಲ. ಹಳಿಯಾಳದಲ್ಲಿ ಭತ್ತದ ಜೊತೆಗೆ ಕಬ್ಬು ಇದೆ. ಕಬ್ಬಿನ ಗದ್ದೆ ಆನೆಗೆ ಆಹಾರವೂ ಹೌದು, ಹಗಲು ಅಡಗುವ ತಾಣವೂ ಹೌದು. ಮುಂಡಗೋಡದಲ್ಲಿ ಭತ್ತ ಮತ್ತು ಗೋವಿನಜೋಳ. ಬಹುಪಾಲು ಕಾಡೇ ಆಗಿರುವ ಜೋಯಿಡಾದಲ್ಲಿ ಅಡಿಕೆ ತೋಟಕ್ಕೂ ಕುಣಬಿ ಕುಟುಂಬಗಳ ಗೆಡ್ಡೆಗೆಣಸಿನ ಹಿತ್ತಲಿಗೂ ಕಾಡುಹಂದಿ, ಮಂಗ, ಕಾಡುಕೋಣಗಳದ್ದೇ ಚಿಂತೆ. ಹಳಿಯಾಳದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಗಿರುವ ದಾಂಡೇಲಿಯಲ್ಲಿ ಊರಿನ ಮಗ್ಗುಲಲ್ಲೇ ಹರಿಯುವ ಕಾಳಿ ನದಿಯ ಮೊಸಳೆಗಳ ಭಯ. ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಸಮಸ್ಯೆ. ಎಲ್ಲಕ್ಕೂ ಒಂದೇ ಮದ್ದು ಹೊಂದುವುದಿಲ್ಲ.

ಓಡಿಸುವುದು ಮತ್ತು ಹಣ ಕೊಡುವುದು

ಸದ್ಯ ಈ ಹೊಣೆ ಬಿದ್ದಿರುವುದು ವಲಯ ಅರಣ್ಯಾಧಿಕಾರಿ, ಗಸ್ತು ಅರಣ್ಯ ಪಾಲಕ ಮತ್ತು ದಿನಗೂಲಿ ಕಾವಲುಗಾರರ ಹೆಗಲಿಗೆ. ಒತ್ತುವರಿ ತಡೆ, ಮರಗಳ್ಳತನದ ಮೊಕದ್ದಮೆ, ನೆಡುತೋಪು, ಬೇಸಗೆಯ ಕಾಳ್ಗಿಚ್ಚು ಎಲ್ಲವೂ ಇವರದ್ದೇ. ಇದರ ನಡುವೆ ಆನೆ ಓಡಿಸುವುದೂ ಒಂದು. ಅವರ ಧೈರ್ಯವನ್ನು ಶಂಕಿಸಬೇಕಾಗಿಲ್ಲ. ಆದರೆ ಗದ್ದಲ, ಪಟಾಕಿ, ಪಂಜುಗಳಿಂದ ಬೆದರಿದ ಹಿಂಡು ಚದುರುತ್ತದೆ. ಮರಿಯಿರುವ ಹೆಣ್ಣಾನೆ ಇನ್ನಷ್ಟು ಅಪಾಯಕಾರಿಯಾಗುತ್ತದೆ. ಯಾವ ಆನೆ ಬಂದಿತ್ತು, ಒಂಟಿ ಸಲಗವೋ ಹಿಂಡೋ, ಯಾವ ದಾರಿಯಿಂದ ಬಂತು, ಯಾವ ಉಪಾಯಕ್ಕೆ ಮಣಿಯಿತು ಎಂಬುದನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುವುದೇ ಕೆಲಸವಾಗಿರುವ ಅಧಿಕಾರಿ ಈ ಸಾಲಿನಲ್ಲಿಲ್ಲ. ವರ್ಗಾವಣೆಯಾದ ಅಧಿಕಾರಿಯ ಅನುಭವ ಅವರೊಂದಿಗೇ ಹೊರಟುಹೋಗುತ್ತದೆ.

ಪರಿಹಾರಧನ ಅಗತ್ಯವೆಂಬುದರಲ್ಲಿ ಎರಡು ಮಾತಿಲ್ಲ. ಕಾಡುಪ್ರಾಣಿ ದಾಳಿಯಿಂದ ಸಂಭವಿಸುವ ಸಾವಿಗೆ ನೀಡುವ ಮೊತ್ತವನ್ನು 2025–26ರ ರಾಜ್ಯ ಮುಂಗಡಪತ್ರದಲ್ಲಿ 15 ಲಕ್ಷ ರೂಪಾಯಿಗಳಿಂದ 20 ಲಕ್ಷಕ್ಕೆ ಏರಿಸಲಾಯಿತು. ಬೆಳೆಹಾನಿಗೂ ನಿಗದಿತ ದರಗಳಿವೆ. ಆದರೆ ಪರಿಹಾರ ಅಳೆಯುವುದು ನಾಶವಾದ ಪೈರನ್ನು ಮಾತ್ರ. ಮೂರು ತಿಂಗಳ ನಿದ್ದೆಗೆ, ಮಾಳದಲ್ಲಿ ಕಳೆದ ಚಳಿಗೆ, ಮರುದಿನ ತಪ್ಪಿದ ಕೂಲಿಗೆ, ಬೇಸತ್ತು ಬೀಳು ಬಿಟ್ಟ ಜಮೀನಿಗೆ ಅರ್ಜಿ ನಮೂನೆಯಲ್ಲಿ ಕಲಮಿಲ್ಲ. ಈ ಬೇಸರದ ಕೊನೆಯ ಹಂತವೇ ಬೇಲಿಗೆ ನೇರವಾಗಿ ವಿದ್ಯುತ್ ಹರಿಸುವ ಅಕ್ರಮ. ರಾಜ್ಯದಲ್ಲಿ ಆನೆಗಳ ಅಸಹಜ ಸಾವಿಗೆ ವಿದ್ಯುದಾಘಾತ ಪ್ರಮುಖ ಕಾರಣ. ಅದೇ ತಂತಿ ಮನುಷ್ಯರನ್ನೂ ಬಲಿ ಪಡೆಯುತ್ತದೆ.

ಹೊರಗಿನ ಮಾದರಿ, ಒಳಗಿನ ಅನುಭವ

ಅಮೆರಿಕದಲ್ಲಿ ವನ್ಯಜೀವಿ ಹಾನಿ ನಿರ್ವಹಣೆಯೆಂಬುದು ಪ್ರತ್ಯೇಕ ವೃತ್ತಿ. 1931ರ ಕಾಯ್ದೆಯೊಂದರ ಆಧಾರದಲ್ಲಿ ಅಲ್ಲಿನ ಕೃಷಿ ಇಲಾಖೆಯಡಿ ‘ವೈಲ್ಡ್‌ಲೈಫ್ ಸರ್ವಿಸಸ್’ ಎಂಬ ಅಂಗ ಕೆಲಸ ಮಾಡುತ್ತಿದೆ. ಮೇಲ್ವಿಚಾರಕ ವನ್ಯಜೀವಿ ವಿಜ್ಞಾನಿಯೆಂಬ ಹುದ್ದೆಯವರು ಒಂದು ಪ್ರದೇಶದ ಕ್ಷೇತ್ರ ಸಿಬ್ಬಂದಿಯನ್ನು ಮುನ್ನಡೆಸುತ್ತಾರೆ. ಹಾನಿ ಮಾಡಿದ ಪ್ರಾಣಿ ಯಾವುದೆಂದು ಗುರುತಿಸುವುದು, ನಷ್ಟ ಅಂದಾಜಿಸುವುದು, ರೈತನಿಗೆ ತಾಂತ್ರಿಕ ಸಲಹೆ ನೀಡುವುದು, ಕೈಗೊಂಡ ಕ್ರಮ ಫಲಿಸಿತೇ ಎಂದು ಪರಿಶೀಲಿಸುವುದು ಅವರ ಹೊಣೆ.

ಆ ಸಂಸ್ಥೆ ಅಪಾರ ಸಂಖ್ಯೆಯಲ್ಲಿ ಪ್ರಾಣಿಗಳನ್ನು ಕೊಲ್ಲುತ್ತದೆಂಬ ಟೀಕೆಗೆ ಅಲ್ಲಿಯೇ ಗುರಿಯಾಗಿದೆ. ನಮಗೆ ಆ ದಾರಿ ಬೇಡ, ಕಾನೂನೂ ಒಪ್ಪುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಆನೆ ಇದೆ. ಅದನ್ನು ಹಿಡಿಯಲು ಸಹ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಅನುಮತಿ ನೀಡಬೇಕು. ನಾವು ಎರವಲು ಪಡೆಯಬೇಕಾದದ್ದು ಬಂದೂಕನ್ನಲ್ಲ, ಹಾನಿ ತಗ್ಗಿಸುವುದಕ್ಕೆಂದೇ ಒಬ್ಬರನ್ನು ಕೂರಿಸುವ ವ್ಯವಸ್ಥೆಯನ್ನು.

ಜ್ಞಾನದ ಕೊರತೆಯಂತೂ ನಮ್ಮಲ್ಲಿಲ್ಲ. ಗಂಡಾನೆಗಳು ಹೆಣ್ಣಾನೆಗಳಿಗಿಂತ ಹಲವು ಪಟ್ಟು ಹೆಚ್ಚಾಗಿ ಬೆಳೆಗೆ ನುಗ್ಗುತ್ತವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಮನ್ ಸುಕುಮಾರ್ 1980ರ ದಶಕದಲ್ಲೇ ತೋರಿಸಿಕೊಟ್ಟರು. ಅಂದರೆ ಊರು ಕಾಡುವುದು ‘ಆನೆಗಳು’ ಎಂಬ ಅಮೂರ್ತ ಗುಂಪಲ್ಲ; ಗುರುತಿಸಬಹುದಾದ ಕೆಲವೇ ಆನೆಗಳಿರಬಹುದು. ಹೈಕೋರ್ಟ್ ಆದೇಶದಂತೆ ಅವರ ನೇತೃತ್ವದಲ್ಲೇ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ನೀಡಿ, ಆನೆ ಇರಬೇಕಾದ, ಸಹಬಾಳ್ವೆ ಸಾಧ್ಯವಿರುವ ಮತ್ತು ಆನೆಗಳನ್ನು ತೆರವುಗೊಳಿಸಬೇಕಾದ ವಲಯಗಳೆಂಬ ವಿಂಗಡಣೆ ಸೂಚಿಸಿತು. 2014ರಲ್ಲಿ ಹಾಸನದ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿಯಲಾಯಿತು. ಕೆಲವೇ ವರ್ಷಗಳಲ್ಲಿ ಬೇರೆ ಆನೆಗಳು ಆ ಜಾಗ ತುಂಬಿದವು.

ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಆನೆ ಇರುವ ಜಾಗವನ್ನು ಮೊಬೈಲ್ ಸಂದೇಶ ಹಾಗೂ ಕೆಂಪು ದೀಪಗಳ ಮೂಲಕ ಜನರಿಗೆ ತಿಳಿಸುವ ವ್ಯವಸ್ಥೆ ಜೀವಹಾನಿ ತಗ್ಗಿಸಿತು. ಅದು ಮುಂದೆ ಹಾಸನಕ್ಕೂ ಬಂತು. ಅಷ್ಟು ದೂರವೇಕೆ, ಹಳಿಯಾಳ–ದಾಂಡೇಲಿ ಸುತ್ತಿನಲ್ಲೇ ಪುಣೆಯ ವೈಲ್ಡ್‌ಲೈಫ್ ರಿಸರ್ಚ್ ಅಂಡ್ ಕನ್ಸರ್ವೇಶನ್ ಸೊಸೈಟಿ ಅರಣ್ಯ ಇಲಾಖೆಯೊಡನೆ ಕೆಲಸ ಮಾಡಿದೆ. ರೈತರ ಗುಂಪು ಕಟ್ಟಿ ಸರದಿಯ ಕಾವಲು, ಮೆಣಸಿನ ಹೊಗೆ, ತಂತಿ ತಾಗಿದರೆ ಸದ್ದು ಮಾಡುವ ಎಚ್ಚರಿಕೆ ಗಂಟೆಯಂಥ ಅಗ್ಗದ ಉಪಾಯಗಳನ್ನು ಬಳಕೆಗೆ ತಂದಿದೆ. ಕಂದಕ ತೋಡಿದರೆ ಈ ಭಾಗದ ಮಳೆಗೆ ದಂಡೆ ಕುಸಿಯುತ್ತದೆ. ಸೌರಬೇಲಿಗೆ ಬಳ್ಳಿ ಹಬ್ಬಿದರೆ ವಿದ್ಯುತ್ ಸೋರುತ್ತದೆ. ಕಾವಲು ಗುಂಪು ಮಾತ್ರ ಊರಿನ ಕೈಯಲ್ಲೇ ಉಳಿಯುತ್ತದೆ. ಆದರೆ ಆ ಗುಂಪನ್ನು ಸುಗ್ಗಿಗೂ ಮುನ್ನ ಸಜ್ಜುಗೊಳಿಸಿ, ವರ್ಷ ಬಿಡದೆ ನಡೆಸಲು ಒಬ್ಬರು ಬೇಕು.

ವಿಮೆಗೂ ಬೇಕು ದಾಖಲೆ

ಈ ಮಾತಿಗೆ ಈಗ ತುರ್ತು ಬಂದಿದೆ. ಕಾಡುಪ್ರಾಣಿಗಳಿಂದಾಗುವ ಬೆಳೆಹಾನಿಯನ್ನು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ ಹೆಚ್ಚುವರಿ ರಕ್ಷಣೆಯಾಗಿ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. 2026ರ ಮುಂಗಾರು ಹಂಗಾಮು ಇದರ ಆರಂಭವೆಂದು ಹೇಳಿತು. ರೈತ 72 ಗಂಟೆಗಳೊಳಗೆ ಮೊಬೈಲ್ ಆ್ಯಪ್ ಮೂಲಕ ಚಿತ್ರಸಹಿತ ದೂರು ನೀಡಬೇಕು. ಹಾವಳಿ ಮಾಡುವ ಪ್ರಾಣಿಗಳು ಯಾವುವು, ಹಾವಳಿಪೀಡಿತ ಜಿಲ್ಲೆ ಮತ್ತು ವಿಮಾ ಘಟಕಗಳು ಯಾವುವು ಎಂಬುದನ್ನು ಹಿಂದಿನ ದಾಖಲೆಗಳ ಆಧಾರದಲ್ಲಿ ರಾಜ್ಯಗಳೇ ಅಧಿಸೂಚಿಸಬೇಕು. ಪರಿಹಾರಕ್ಕೆ ಅರ್ಜಿ ಹಾಕಿದವರ ಪಟ್ಟಿಯೊಂದೇ ಇದಕ್ಕೆ ಸಾಲದು. ಓಡಾಟಕ್ಕೆ ಬೇಸತ್ತು ಅರ್ಜಿಯನ್ನೇ ಹಾಕದ ರೈತನ ಊರು ಹಾವಳಿಯಿಲ್ಲದ ಊರಾಗಿ ತೋರುವ ಅಪಾಯವಿದೆ. ನೆಟ್‌ವರ್ಕ್ ಸಿಗದ ಜೋಯಿಡಾದ ಹಳ್ಳಿಗಳಲ್ಲಿ 72 ಗಂಟೆಯ ಗಡುವು ಇನ್ನೊಂದು ಸಮಸ್ಯೆ.

2022ರಲ್ಲಿ ರಾಜ್ಯ ಸರ್ಕಾರ ಕೊಡಗು, ಹಾಸನ, ಚಿಕ್ಕಮಗಳೂರು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆಗಳನ್ನು ಪ್ರಕಟಿಸಿದಾಗ ಉತ್ತರ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಆನೆಗಳ ಸಂಖ್ಯೆಯನ್ನು ನೋಡಿದರೆ ಅದು ಸಹಜವೇ. ಆದರೆ ಆನೆಗಳು ಕಡಿಮೆಯಿರುವ, ದಾರಿ ಮತ್ತು ಕಾಲ ಎರಡೂ ಗೊತ್ತಿರುವ ಪ್ರದೇಶದಲ್ಲೇ ಇಂಥ ವ್ಯವಸ್ಥೆ ಫಲ ನೀಡುವ ಸಾಧ್ಯತೆ ಹೆಚ್ಚು. ಶಿರಸಿಯ ಕೆನರಾ ವೃತ್ತದ ಮಟ್ಟದಲ್ಲಿ, ಮೂರೂ ವಿಭಾಗಗಳ ಸಿಬ್ಬಂದಿಗೆ ಸೂಚನೆ ನೀಡಬಲ್ಲ ಒಬ್ಬ ವನ್ಯಜೀವಿ ವಿಜ್ಞಾನಿಯ ಕಾಯಂ ಹುದ್ದೆ ಸೃಷ್ಟಿಸುವುದು ಅಸಾಧ್ಯವಲ್ಲ. ಸೆಪ್ಟೆಂಬರಿನಲ್ಲೇ ಊರ ಗುಂಪುಗಳ ಸಿದ್ಧತೆ, ಕಾವಲಿಗೆ ಕೂಲಿ, ಧಾರವಾಡ–ಬೆಳಗಾವಿಯೊಂದಿಗೆ ಮಾಹಿತಿ ವಿನಿಮಯ, ಕನ್ನಡದ ಜೊತೆಗೆ ಕೊಂಕಣಿ, ಮರಾಠಿಯಲ್ಲೂ ಎಚ್ಚರಿಕೆ ಸಂದೇಶ, ಫೆಬ್ರವರಿಯಲ್ಲಿ ಊರುವಾರು ಹಾನಿಯ ಬಹಿರಂಗ ವರದಿ ಆ ಹುದ್ದೆಯ ಕೆಲಸಗಳಾಗಬೇಕು. ಅಧಿಕಾರವಿಲ್ಲದ ಗುತ್ತಿಗೆ ನೌಕರನನ್ನು ನೇಮಿಸಿದರೆ ಮಾತ್ರ ಇನ್ನೊಂದು ವರದಿ ಕಪಾಟು ಸೇರುತ್ತದೆ ಅಷ್ಟೆ.

ಒಬ್ಬ ವಿಜ್ಞಾನಿ ಬಂದ ಮಾತ್ರಕ್ಕೆ ಆನೆ ಗದ್ದೆಗೆ ಬರುವುದು ನಿಲ್ಲುವುದಿಲ್ಲ. ಅಣೆಕಟ್ಟು, ರಸ್ತೆ, ಸಾಗುವಳಿಗಳಿಂದ ತುಂಡಾದ ಕಾಡು ಮತ್ತೆ ಕೂಡುವುದೂ ಇಲ್ಲ. ಆದರೆ ಮುಂದಿನ ಸುಗ್ಗಿಯಲ್ಲಿ ಹಾನಿ ಕಡಿಮೆಯಾಯಿತೇ, ಇಲ್ಲವೇ, ಏಕೆ ಎಂದು ಕೇಳಿದರೆ ಉತ್ತರಿಸಬೇಕಾದವರು ಒಬ್ಬರಿರುತ್ತಾರೆ. ಮಾಳದಲ್ಲಿ ಬೆಳಗು ಕಾಯುವ ರೈತ ಇಷ್ಟು ವರ್ಷ ಕೇಳುತ್ತ ಬಂದಿರುವುದು ಬಹುಶಃ ಅದನ್ನೇ.