ಕಲಿಯುವವನ ತಲೆಗೆ ಕುಲಾವಿ ಏಕೆ?



ಈ ಸಲದ ಬರಹ ನಿಮಗೆ ವಿಚಿತ್ರವೆನಿಸಬಹುದು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಗಣಿತ ಕಲಿಸಿದ ಮೇಷ್ಟ್ರು ತನ್ನ ಅರವತ್ತೇಳನೆಯ ವಯಸ್ಸಿನಲ್ಲಿ ಬಂದೂಕಿನ ವಿಡಿಯೋ ಆಟದ ಬಗ್ಗೆ ಬರೆಯುವುದೆಂದರೇನು? ಸ್ವಲ್ಪ ತಾಳ್ಮೆಯಿಂದ ಓದಿ. ಇದು ಆಟದ ಮಾತೂ ಹೌದು, ತರಗತಿಯ ಮಾತೂ ಹೌದು.

ಕಳೆದ ಬೇಸಿಗೆಯಲ್ಲಿ ನನ್ನ ಅಕ್ಕನ ಮೊಮ್ಮಗ ರಜೆಗೆಂದು ನಮ್ಮ ಮನೆಗೆ ಬಂದಿದ್ದ. ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಮಧ್ಯಾಹ್ನ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಆಡುತ್ತಾ ಕುಳಿತಿರುತ್ತಿದ್ದ. ಪರದೆಯ ಮೇಲೆ ಚೌಕಚೌಕವಾದ ಹಳೆಯ ಮಾದರಿಯ ಚಿತ್ರಗಳು. ಆಟಗಾರನ ಮುಖ ಕಾಣುವುದು ಕೆಳಗಿನ ಪಟ್ಟಿಯಲ್ಲಿ ಮಾತ್ರ. ಎದುರಿಗೆ ಕಾಣುವುದು ಅವನು ಹಿಡಿದ ಬಂದೂಕು. ಅದೇನೆಂದು ಕೇಳಿದೆ.

"ಇದು ಡೂಮ್, ತಾತ. 1993ರ ಆಟ. ಈಗಲೂ ಇದೇ ಧಾಟಿಯಲ್ಲಿ ಹೊಸ ಆಟಗಳು ಬರ್ತಾನೇ ಇವೆ. ಇವಕ್ಕೆ ಬೂಮರ್ ಶೂಟರ್ ಅಂತಾರೆ" ಎಂದ.

ಬೂಮರ್ ಎಂದರೆ 1946ರಿಂದ 1964ರ ನಡುವೆ ಹುಟ್ಟಿದವರಿಗೆ ಅಮೆರಿಕದವರು ಇಟ್ಟ ಹೆಸರು. ಈಗ ಹುಡುಗರು ಹಳಬರನ್ನೆಲ್ಲ ಹಾಗೆಯೇ ಹಂಗಿಸುತ್ತಾರಂತೆ. "ಹಾಗಾದರೆ ಇದು ನನಗೆಂದೇ ಮಾಡಿದ ಆಟ, ಕೊಡು ಇಲ್ಲಿ" ಎಂದು ಕುಳಿತೆ. ಎರಡು ನಿಮಿಷದಲ್ಲಿ ಸತ್ತೆ. ಮತ್ತೆ ಆಡಿದೆ, ಮತ್ತೆ ಸತ್ತೆ. ಅವನ ಗೆಳೆಯರಿಬ್ಬರು ಅಂದು ಮನೆಗೆ ಬಂದಿದ್ದರು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲಕ್ಕಿಂತ ಸುಲಭದ ಮಟ್ಟವನ್ನು ಆರಿಸಿಕೊಳ್ಳಲು ಹೋದರೆ, "ಅಯ್ಯೋ, ಅದು ಪಾಪುಗಳಿಗೆ ತಾತ" ಎಂದರು. ಬದುಕುಳಿಯುವುದು ಹೇಗೆಂದು ಕೇಳಿದರೆ, "ಸಾಯ್ತಾ ಸಾಯ್ತಾ ಬರತ್ತೆ ಬಿಡಿ" ಎಂಬ ಉತ್ತರ ಸಿಕ್ಕಿತು.

ಈ ಉತ್ತರದ ವಿರುದ್ಧವೇ ನನ್ನ ತಕರಾರು. ತಾನು ಬಲ್ಲದ್ದನ್ನು ಕಲಿಯಬಂದವನಿಗೆ ಹೇಳಿಕೊಡದೆ, ಅವನ ಸೋಲನ್ನು ನೋಡಿ ನಗುವುದು ಸೋಮಾರಿತನ. ಅದಕ್ಕೆ 'ಅನುಭವವೇ ಗುರು' ಎಂಬ ದೊಡ್ಡ ಮಾತಿನ ಶಾಲು ಹೊದಿಸಿದರೂ ಅದು ಸೋಮಾರಿತನವೇ.

ಹುಡುಗರನ್ನಷ್ಟೇ ದೂರಿ ಫಲವಿಲ್ಲ. ಈ ರೋಗ ಆಟಗಳ ಹುಟ್ಟಿನಲ್ಲಿಯೇ ಇದೆ. ಡೂಮ್ ತಯಾರಿಸಿದ ಇಡ್ ಸಾಫ್ಟ್‌ವೇರ್ ಸಂಸ್ಥೆಯು ಅದಕ್ಕೂ ಮುಂಚೆ, 1992ರಲ್ಲಿ, ವುಲ್ಫೆನ್‌ಸ್ಟೈನ್ 3ಡಿ ಎಂಬ ಆಟವನ್ನು ಹೊರತಂದಿತ್ತು. ಅದರಲ್ಲಿ ಅತ್ಯಂತ ಸುಲಭದ ಮಟ್ಟದ ಹೆಸರು 'ಅಪ್ಪಾ, ನಾನೂ ಆಡಲೇ?' ಎಂಬರ್ಥದ್ದು. ಅದನ್ನು ಆರಿಸಿಕೊಳ್ಳಲು ಹೋದವನಿಗೆ ಕಥಾನಾಯಕನ ಮುಖ ಕಾಣಿಸುತ್ತದೆ: ತಲೆಗೆ ಕೂಸಿನ ಕುಲಾವಿ, ಬಾಯಲ್ಲಿ ಚೀಪುವ ನಿಪ್ಪಲ್! ಡೂಮ್‌ನಲ್ಲಿ ಕುಲಾವಿ ಹೋಯಿತು, ಕುಹಕ ಉಳಿಯಿತು. ಅಲ್ಲಿ ಸುಲಭದ ಮಟ್ಟದ ಹೆಸರು 'ಸಾಯಲು ನಾನಿನ್ನೂ ಚಿಕ್ಕವನು' ಎಂದು.

ಆ ಕುಲಾವಿಯ ಚಿತ್ರವನ್ನು ಹುಡುಗ ತೋರಿಸಿದಾಗ ಉಳಿದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದರೆ ಅಂಥದೊಂದು ಕುಲಾವಿಯನ್ನು ನಾನೇ ಒಬ್ಬನ ತಲೆಗೆ ತೊಡಿಸಿದ್ದೇನೆ.

ತೊಂಬತ್ತರ ದಶಕದ ಮಾತು. ಎಂಟನೆಯ ತರಗತಿಯ ಹುಡುಗನೊಬ್ಬ ಭಿನ್ನರಾಶಿಗಳನ್ನು ಕೂಡುವಾಗ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಬಿಡುತ್ತಿದ್ದ. ಮೂರನೆಯ ಸಲವೂ ಹಾಗೆಯೇ ಮಾಡಿದಾಗ ನಾನು ರೇಗಿ, "ನೀನು ಹೋಗಿ ಅಂಗನವಾಡೀಲಿ ಕೂತ್ಕೋ, ಅಲ್ಲಿ ಉಪ್ಪಿಟ್ಟಾದ್ರೂ ಸಿಗತ್ತೆ" ಎಂದೆ. ತರಗತಿಯೆಲ್ಲ ಗೊಳ್ಳೆಂದಿತು. ನನ್ನ ಹಾಸ್ಯಪ್ರಜ್ಞೆಗೆ ನಾನೇ ತಲೆದೂಗಿದೆನೇನೋ. ಆ ಹುಡುಗ ಅಂದಿನಿಂದ ನನ್ನ ತರಗತಿಯಲ್ಲಿ ಕೈಯೆತ್ತಲಿಲ್ಲ. ಒಂಬತ್ತನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟ.

ಎಷ್ಟೋ ವರ್ಷಗಳ ನಂತರ ನನ್ನ ಸ್ಕೂಟರ್ ಹೆದ್ದಾರಿಯಲ್ಲಿ ಕೆಟ್ಟು ನಿಂತಾಗ ಹತ್ತಿರದ ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. ಗ್ಯಾರೇಜು ಅವನದೇ. ಗುರುತು ಹಿಡಿದ, ಟೀ ತರಿಸಿದ, ಹತ್ತು ನಿಮಿಷದಲ್ಲಿ ಗಾಡಿ ಸರಿಪಡಿಸಿದ. ದುಡ್ಡೆಷ್ಟೆಂದು ಕೇಳಿದರೆ, "ಬೇಡ ಸಾರ್. ಬಿಲ್ಲು ಗಿಲ್ಲು ಎಲ್ಲಾ ನನ್ ಹೆಂಡ್ತೀನೇ ಬರಿಯೋದು. ಲೆಕ್ಕ ಅಂದ್ರೆ ಇವತ್ತಿಗೂ ಕೈ ನಡುಗತ್ತೆ" ಎಂದು ನಕ್ಕ. ಇಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳಬಲ್ಲ ಆ ಬುದ್ಧಿವಂತನಿಗೆ ಭಿನ್ನರಾಶಿ ಬಾರದೆ ಹೋದದ್ದು ಅವನ ಸೋಲಲ್ಲ. ಛೇದ ಏಕೆ ಸಮವಾಗಿರಬೇಕೆಂದು ಒಂದು ರೊಟ್ಟಿಯನ್ನು ಮುರಿದು ತೋರಿಸಬಹುದಾಗಿದ್ದ ನಾನು, ಅದನ್ನು ಬಿಟ್ಟು ನಗೆಚಾಟಿಕೆ ಹಾರಿಸಿದ್ದೆ.

ಹಂಗಿಸದೆಯೂ ಕಲಿಸಬಹುದೆಂಬುದಕ್ಕೆ ಈ ಆಟವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೂರು ವಾರ ಆಡಿ ನಾನು ಕಂಡುಕೊಂಡದ್ದನ್ನು, ಅಂದು ಆ ಹುಡುಗರು ಹೇಳಿಕೊಡಬಹುದಾಗಿದ್ದುದನ್ನು, ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮೊದಲನೆಯದಾಗಿ, ಸುಲಭದ ಮಟ್ಟವನ್ನೇ ಆರಿಸಿಕೊಳ್ಳಿ. ಅಲ್ಲಿ ತಗಲುವ ಪೆಟ್ಟು ಅರ್ಧ, ಸಿಗುವ ಮದ್ದುಗುಂಡು ಇಮ್ಮಡಿ. ಒಂದನೆಯ ತರಗತಿಯಲ್ಲಿ ಕೂರದೆ ಯಾರೂ ಹತ್ತನೆಯ ತರಗತಿಗೆ ಬಂದಿಲ್ಲ.

ಎರಡನೆಯದಾಗಿ, ನಿಂತಲ್ಲಿ ನಿಲ್ಲಬೇಡಿ, ಪಕ್ಕಕ್ಕೆ ಸರಿಯಿರಿ. ಇಂಪ್ ಎಂಬ ಕಂದುಬಣ್ಣದ ಪಿಶಾಚಿ ಎಸೆಯುವ ಬೆಂಕಿಯುಂಡೆ, ಎಸೆದ ಕ್ಷಣದಲ್ಲಿ ನೀವಿದ್ದ ಜಾಗಕ್ಕೆ ಸರಳರೇಖೆಯಲ್ಲಿ ಬರುತ್ತದೆ. ಹಿಂದೆ ಹಿಂದೆ ಓಡಿದರೆ ಅದೇ ರೇಖೆಯ ಮೇಲೆ ಇರುತ್ತೀರಿ. ಎರಡು ಹೆಜ್ಜೆ ಪಕ್ಕಕ್ಕಿಟ್ಟರೆ ರೇಖೆ ತಪ್ಪಿತು, ಜೀವ ಉಳಿಯಿತು. ಇದು ಶುದ್ಧ ರೇಖಾಗಣಿತ.

ಮೂರನೆಯದಾಗಿ, ಬಂದೂಕು ಹಿಡಿದ ಸೈನಿಕರ ಮುಂದೆ ಈ ಉಪಾಯ ನಡೆಯದು. ಅವರ ಗುಂಡು ಹಾರಿದೊಡನೆಯೇ ತಗಲುತ್ತದೆ. ಆದ್ದರಿಂದ ಗೋಡೆಯ ಮೂಲೆಯನ್ನೋ ಬಾಗಿಲಿನ ಪಕ್ಕವನ್ನೋ ಆಶ್ರಯಿಸಿ, ಇಣುಕಿ ಹೊಡೆದು ಮರೆಯಾಗಬೇಕು. ಅವರಲ್ಲಿ ಶಾಟ್‌ಗನ್ ಹಿಡಿದವನನ್ನು ಮೊದಲು ಮುಗಿಸಬೇಕು.

ನಾಲ್ಕನೆಯದಾಗಿ, ಬಾಗಿಲು ತೆರೆದೊಡನೆ ಒಳಗೆ ನುಗ್ಗಬೇಡಿ. ಗುಂಡಿನ ಸದ್ದಿಗೆ ಅಕ್ಕಪಕ್ಕದವರೂ ಎಚ್ಚರಗೊಳ್ಳುತ್ತಾರೆ. ಹೊರಗೇ ನಿಂತರೆ ಒಬ್ಬೊಬ್ಬರಾಗಿ ಬಾಗಿಲಿಗೆ ಬರುತ್ತಾರೆ. ನಡುಮನೆಗೆ ನುಗ್ಗಿದರೆ ಸುತ್ತುವರಿಯುತ್ತಾರೆ.

ಐದನೆಯದಾಗಿ, ಸಾಮ, ದಾನ, ಭೇದ, ದಂಡಗಳಲ್ಲಿ ಇಲ್ಲಿ ದಂಡವಷ್ಟೇ ಇದೆಯೆಂದು ತಿಳಿಯಬೇಡಿ, ಭೇದವೂ ಇದೆ. ಒಂದು ಜಾತಿಯ ಶತ್ರುವಿನ ಏಟು ಗುರಿ ತಪ್ಪಿ ಬೇರೆ ಜಾತಿಯವನಿಗೆ ತಗುಲಿದರೆ ಅವರವರೇ ಕಾದಾಡುತ್ತಾರೆ. ಇಬ್ಬರೂ ಒಂದೇ ಸಾಲಿನಲ್ಲಿ ಬರುವಂತೆ ನೋಡಿಕೊಂಡು, ನೀವು ಪಕ್ಕಕ್ಕೆ ಸರಿದರಾಯಿತು. ಅಲ್ಲಲ್ಲಿ ಇಟ್ಟಿರುವ ಪೀಪಾಯಿಗಳು ಗುಂಡು ತಗುಲಿದರೆ ಸಿಡಿಯುತ್ತವೆ. ಅವುಗಳ ಹತ್ತಿರ ಶತ್ರು ಇರಲಿ, ನೀವಿರಬೇಡಿ.

ಆರನೆಯದಾಗಿ, ಲೆಕ್ಕವಿಡಿ. ಆರಂಭದಲ್ಲಿ ಪಿಸ್ತೂಲಿನ ಜೊತೆ 50 ಗುಂಡು ಮಾತ್ರ. ಔಷಧಿಯ ದೊಡ್ಡ ಪೆಟ್ಟಿಗೆ 25 ಅಂಕ ಆರೋಗ್ಯ ಕೊಡುತ್ತದೆ, ಆದರೆ 100ನ್ನು ದಾಟಿಸುವುದಿಲ್ಲ. 95 ಇರುವಾಗ ಅದನ್ನು ತೆಗೆದುಕೊಂಡವನು 20 ಅಂಕ ಚೆಲ್ಲಿದಂತೆ. ಅದನ್ನು ಅಲ್ಲಿಯೇ ಬಿಟ್ಟು, ಗಾಯವಾದಾಗ ಹಿಂದಿರುಗಿ ಬನ್ನಿ. ದಾರಿ ತಪ್ಪಿದರೆ ಟ್ಯಾಬ್ ಕೀಲಿ ಒತ್ತಿ, ನಕ್ಷೆ ಬರುತ್ತದೆ.

ಕೊನೆಯದಾಗಿ, ಆಗಾಗ ಸೇವ್ ಮಾಡಿ. ಮೂಲ ಆಟದಲ್ಲಿ ಹಾಗೆ ಮಾಡದೆ ಸತ್ತವನು ಆ ಹಂತದ ಮೊದಲಿಗೆ, ಅದೇ ಪಿಸ್ತೂಲು, ಅದೇ 50 ಗುಂಡಿಗೆ ಮರಳುತ್ತಾನೆ. ಸೇವ್ ಮಾಡುವುದು ಮೋಸವೆನ್ನುವವರಿದ್ದಾರೆ. ಸ್ಲೇಟಿನಲ್ಲಿ ತಪ್ಪು ಬರೆದು ಅಳಿಸುವುದು ಮೋಸವಾದರೆ ಇದೂ ಮೋಸ.

ಇವನ್ನೆಲ್ಲ ಹೇಳಲು ಹತ್ತು ನಿಮಿಷವೂ ಬೇಡ. ಹೇಳಿದ ಮೇಲೂ ಕಲಿಯುವವನು ಸಾಯುತ್ತಾನೆ, ನಿಜ. ಆದರೆ ಏಕೆ ಸತ್ತೆನೆಂದು ತಿಳಿದು ಸಾಯುತ್ತಾನೆ. ಆ ತಿಳಿವಿಲ್ಲದ ಸೋಲಿನಿಂದ ಯಾರೂ ಏನನ್ನೂ ಕಲಿಯಲಾರರು.

ತಮಾಷೆಯೆಂದರೆ, ಆಟದ ರಚನೆಕಾರರಿಗೆ ಇದು ಗೊತ್ತಿತ್ತು. ಜಾನ್ ರೊಮೆರೊ ರೂಪಿಸಿದ ಡೂಮ್‌ನ ಮೊದಲ ಹಂತವನ್ನು ನೋಡಿ. ಆಟಗಾರ ಕಣ್ಣು ಬಿಡುವ ಜಾಗದಲ್ಲಿ ಮೈಮೇಲೆ ಬೀಳುವವರಿಲ್ಲ. ನಡೆದಾಡಿ ರೂಢಿ ಮಾಡಿಕೊಳ್ಳಬಹುದು. ಎಡಕ್ಕೆ ಮೆಟ್ಟಿಲು ಹತ್ತಿದರೆ ಹಸಿರು ಕವಚ ಸಿಗುತ್ತದೆ. ಕಿಟಕಿಯಾಚೆ ಅಂಗಳದಲ್ಲಿ ನೀಲಿ ಕವಚ ಕಾಣುತ್ತದೆ. ಅದಕ್ಕೆ ಗುಟ್ಟಿನ ದಾರಿ ಹುಡುಕಬೇಕು. ಹುಡುಕಿದವನಿಗೆ ಫಲವುಂಟೆಂದು ಒಂದು ಮಾತೂ ಆಡದೆ ತಿಳಿಸುವ ಪಾಠವದು. ಬಾಯಿ ಹಂಗಿಸಿತು, ಕೈ ಕಲಿಸಿತು. 2018ರಲ್ಲಿ ಡೇವಿಡ್ ಸಿಮಾನ್‌ಸ್ಕಿ ರೂಪಿಸಿದ, ಎರಡೂ ಕೈಗೆ ಕುಡುಗೋಲು ಕೊಟ್ಟು ಆರಂಭಿಸುವ ಡಸ್ಕ್ ಎಂಬ ಆಟದವರೆಗೆ ಇಂದಿನ ಹೊಸಬರು ಅನುಸರಿಸಿರುವುದು ಈ ಪರಂಪರೆಯನ್ನೇ. ಅವರು ಆ ಕೈಯನ್ನು ಅನುಸರಿಸಲಿ, ಬಾಯಿಯನ್ನಲ್ಲ.

"ಹಂಗಿಸಿದರೇ ಛಲ ಹುಟ್ಟುವುದು ಮೇಷ್ಟ್ರೇ. ನೀವು ಬೈದದ್ದಕ್ಕೇ ನಾವು ಉದ್ಧಾರವಾದೆವು" ಎಂದು ನಿಮ್ಮಲ್ಲಿ ಅನೇಕರು ಗುರುವಂದನೆ ಸಮಾರಂಭಗಳಲ್ಲಿ ಹೇಳಿದ್ದೀರಿ. ಹಾರ ಹಾಕಿಸಿಕೊಂಡು ನಾನೂ ನಂಬಿದ್ದೆ. ಈಗ ನಂಬುವುದಿಲ್ಲ. ಗುರುವಂದನೆಗೆ ಬರುವವರು ಬದುಕುಳಿದವರು. ಹಂಗಿಸಿಕೊಂಡು ಶಾಲೆ ಬಿಟ್ಟವರಿಗೆ ಆಮಂತ್ರಣವೂ ಹೋಗುವುದಿಲ್ಲ, ವೇದಿಕೆಯ ಮೇಲೆ ಅವರ ಮಾತೂ ಕೇಳಿಸುವುದಿಲ್ಲ. ಗೆದ್ದವರನ್ನಷ್ಟೇ ಎಣಿಸಿ ಸರಾಸರಿ ತೆಗೆಯುವ ಲೆಕ್ಕಕ್ಕೆ ನಾನಾದರೆ ಸೊನ್ನೆ ಅಂಕ ಕೊಡುತ್ತಿದ್ದೆ.

ಇನ್ನೊಂದು ಆಕ್ಷೇಪ ಬಂದೇ ಬರುತ್ತದೆ: ಇಂಥ ರಕ್ತಪಾತದ ಆಟವನ್ನು ಮೇಷ್ಟ್ರು ಹೊಗಳಬಹುದೇ? ಅಮೆರಿಕದ ದರ್ಜೆಯ ಪ್ರಕಾರ ಈ ಆಟ 17 ವರ್ಷ ದಾಟಿದವರಿಗೆ. ಚಿಕ್ಕ ಮಕ್ಕಳ ಕೈಗೆ ಇದನ್ನು ಕೊಡಬೇಡಿ; ಈ ವಿಷಯದಲ್ಲಿ ನಾನು ಹಳೆಯ ಮೇಷ್ಟ್ರೇ. ಆದರೆ ಪರದೆಯ ಮೇಲಿನ ಪಿಶಾಚಿಗೆ ಹೊಡೆದ ಗುಂಡಿಗಿಂತ, ನಾನು ತುಂಬಿದ ತರಗತಿಯಲ್ಲಿ ಹಾರಿಸಿದ ಆ ಒಂದು ಮಾತು ಹೆಚ್ಚು ಗಾಯ ಮಾಡಿತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಿಮ್ಮಲ್ಲಿ ಎಷ್ಟೋ ಮಂದಿ ಈಗ ಶಿಕ್ಷಕರಾಗಿದ್ದೀರಿ, ಕಚೇರಿಗಳಲ್ಲಿ ಕಿರಿಯರಿಗೆ ಮೇಲಧಿಕಾರಿಗಳಾಗಿದ್ದೀರಿ, ಅಪ್ಪ ಅಮ್ಮಂದಿರಾಗಿದ್ದೀರಿ. ಹೊಸಬನೊಬ್ಬ ನಿಮ್ಮೆದುರು ಮೂರನೆಯ ಸಲ ಅದೇ ತಪ್ಪು ಮಾಡಿದಾಗ, ತುದಿನಾಲಿಗೆಗೆ ಬಂದ ಹಾಸ್ಯವನ್ನು ನುಂಗಿಕೊಳ್ಳಿ. ಪಕ್ಕಕ್ಕೆ ಸರಿಯುವುದು ಹೇಗೆಂದು ತೋರಿಸಿ.

ಮೊದಲ ಹಂತವನ್ನು ನಾನು ದಾಟಿದ್ದು ಐದನೆಯ ದಿನ, ಸುಲಭದ ಮಟ್ಟದಲ್ಲಿಯೇ. ಮುಂದಿನ ವಾರ ಸ್ಕೂಟರಿನ ನೆಪ ಮಾಡಿಕೊಂಡು ಆ ಗ್ಯಾರೇಜಿಗೆ ಹೋಗಬೇಕೆಂದಿದ್ದೇನೆ. ಮೂವತ್ತು ವರ್ಷ ತಡವಾದ ಒಂದು ಕ್ಷಮೆ ಬಾಕಿಯಿದೆ. ಅವನು ಒಪ್ಪಿದರೆ, ಒಂದು ರೊಟ್ಟಿಯನ್ನೂ ಕಟ್ಟಿಸಿಕೊಂಡು ಹೋಗುತ್ತೇನೆ.

ಇಂತಿ,
ನಿಮ್ಮ ಮೇಷ್ಟ್ರು