ಕಾಗೆ ಕೂತಿತು, ಟೊಂಗೆ ಮುರಿಯಿತು. ಬಿಲ್ ನನಗೆ ಬಂತು

ಅವತ್ತು ರಾತ್ರಿ ಲ್ಯಾಪ್‌ಟಾಪ್ ಆಫ್ ಮಾಡಲು ಹೋದಾಗ ‘ಅಪ್‌ಡೇಟ್ ಅಂಡ್ ಶಟ್‌ಡೌನ್’ ಅಂತ ಬಂತು. ತಿಂಗಳಿಗೊಮ್ಮೆ ಬರುವುದು ತಾನೇ ಎಂದುಕೊಂಡು ಒತ್ತಿ ಮಲಗಿದೆ. ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆ, ಮಧ್ಯದಲ್ಲಿ ಕಂಪನಿಯ ಲೋಗೊ, ಕೆಳಗೆ ‘ಫರ್ಮ್‌ವೇರ್ ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ’ ಎಂಬ ಸಾಲು. ಒಳಗಿನ ಫ್ಯಾನ್ ಮಿಕ್ಸಿಯ ಹಾಗೆ ಒಂದು ನಿಮಿಷ ಕೂಗಿ ಸುಮ್ಮನಾಯಿತು. ನಾನೂ ಸುಮ್ಮನಾದೆ.

ಒಂಬತ್ತು ದಿನ ಕಳೆದು ಒಂದು ಕಂಪನಿಯ ಆನ್‌ಲೈನ್ ಪರೀಕ್ಷೆ ಇತ್ತು. ಒಂದು ಗಂಟೆಯ ಪರೀಕ್ಷೆ, ಒಂದೇ ಅವಕಾಶ. ನಲವತ್ತನೇ ನಿಮಿಷಕ್ಕೆ ಕೀಬೋರ್ಡ್ ದೋಸೆ ಹಂಚಿನಂತೆ ಕಾದಿತ್ತು. ಪ್ರಶ್ನೆ ಓದುತ್ತಿದ್ದಂತೆಯೇ ಪರದೆ ಕಪ್ಪಾಯಿತು. ಮತ್ತೆ ಆನ್ ಮಾಡಿದರೆ ‘ಫ್ಯಾನ್ ಎರರ್’ ಎಂದು ತೋರಿಸಿ ತಾನೇ ಆಫ್ ಆಗುತ್ತಿತ್ತು. ಪಕ್ಕದ ಮನೆಯಿಂದ ಲ್ಯಾಪ್‌ಟಾಪ್ ತರುವಷ್ಟರಲ್ಲಿ ಸಮಯ ಮುಗಿದಿತ್ತು. ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಕೊಡಿಸಿದ ಲ್ಯಾಪ್‌ಟಾಪ್ ಅದು. ಕಂತು ಇನ್ನೂ ನಾಲ್ಕು ಬಾಕಿ ಇತ್ತು. ವಾರಂಟಿ ಮಾತ್ರ ಮೂರು ವಾರದ ಹಿಂದೆಯೇ ಮುಗಿದಿತ್ತು.

ಸರ್ವಿಸ್ ಸೆಂಟರ್‌ನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಕೌಂಟರ್‌ನಲ್ಲಿದ್ದವರು ನಕ್ಕರು. ‘ಫ್ಯಾನ್ ಹಾರ್ಡ್‌ವೇರ್, ಅಪ್‌ಡೇಟ್ ಸಾಫ್ಟ್‌ವೇರ್. ಎರಡಕ್ಕೂ ಸಂಬಂಧವೇ ಇಲ್ಲ ಮೇಡಂ. ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸರಿಹೋಯ್ತು ಅಷ್ಟೇ’ ಅಂದರು. ಫ್ಯಾನ್ ಮತ್ತು ಹೀಟ್‌ಸಿಂಕ್ ಸೇರಿ 4,800 ರೂಪಾಯಿ ಎಂದು ಚೀಟಿ ಬರೆದರು. ‘ಅಪ್‌ಡೇಟ್‌ಗೆ ಸಂಬಂಧ ಇಲ್ಲ ಅಂತ ಅದೇ ಚೀಟಿಯಲ್ಲಿ ಬರೆದುಕೊಡಿ’ ಎಂದೆ. ಬರೆಯಲಿಲ್ಲ.

ಅಲ್ಲಿಂದ ನಾನು ಓದತೊಡಗಿದೆ. ‘ಸಂಬಂಧವೇ ಇಲ್ಲ’ ಎಂಬ ಮಾತು ಸರಿಯಲ್ಲ ಎಂದು ಗೊತ್ತಾಗಲು ಒಂದು ಸಂಜೆ ಸಾಕಾಯಿತು. ಲ್ಯಾಪ್‌ಟಾಪ್‌ನ ಫ್ಯಾನ್ ಸೀಲಿಂಗ್ ಫ್ಯಾನ್ ಥರ ಸ್ವಿಚ್ ಹಾಕಿದರೆ ತಿರುಗುವಂಥದ್ದಲ್ಲ. ಮದರ್‌ಬೋರ್ಡ್ ಮೇಲೆ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್ ಇರುತ್ತದೆ. ಸಾಮಾನ್ಯವಾಗಿ ಅದೇ ಪ್ರೊಸೆಸರ್‌ನ ಬಿಸಿಯನ್ನು ಅಳೆದು, ಎಷ್ಟು ಡಿಗ್ರಿಗೆ ಫ್ಯಾನ್ ಶುರುವಾಗಬೇಕು, ಎಷ್ಟು ವೇಗದಲ್ಲಿ ತಿರುಗಬೇಕು ಎಂದು ತೀರ್ಮಾನಿಸುತ್ತದೆ. ಫ್ಯಾನ್ ಕೂಡ ಒಂದು ವೈರ್ ಮೂಲಕ ತನ್ನ ವೇಗವನ್ನು ಅದಕ್ಕೆ ವರದಿ ಮಾಡುತ್ತದೆ. ಆ ವರದಿ ಬಾರದಿದ್ದರೆ ಕೆಲವು ಲ್ಯಾಪ್‌ಟಾಪ್‌ಗಳು ಆನ್ ಆಗುವುದೇ ಇಲ್ಲ. ನನ್ನ ಪರದೆಯ ಮೇಲಿದ್ದ ಎರರ್ ಅದೇ. ಈ ಲೆಕ್ಕಾಚಾರವೆಲ್ಲ ಇರುವುದು ಫರ್ಮ್‌ವೇರ್‌ನಲ್ಲಿ. ಬಯಾಸ್ ಅಪ್‌ಡೇಟ್ ಜೊತೆಗೆ ಆ ಚಿಪ್‌ನ ಫರ್ಮ್‌ವೇರ್ ಕೂಡ ಬದಲಾಗುವುದುಂಟು. ಸದ್ದು ಕಡಿಮೆ ಮಾಡಲು ಫ್ಯಾನ್ ತಡವಾಗಿ ಶುರುವಾಗುವಂತೆ ಮಾಡಿದರೆ ಯಂತ್ರ ಹೆಚ್ಚು ಕಾಯುತ್ತದೆ. ತಂಪು ಹೆಚ್ಚಲಿ ಎಂದು ಸದಾ ತಿರುಗುವಂತೆ ಮಾಡಿದರೆ ಬೇರಿಂಗ್ ಬೇಗ ಸವೆಯುತ್ತದೆ.

ಹಾಗಂತ ಕಾಗೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಕೊನೆಗೆ ನಾನು ಬಸ್ ಸ್ಟ್ಯಾಂಡ್ ಹತ್ತಿರದ ಚಿಕ್ಕ ಅಂಗಡಿಯಲ್ಲಿ 1,500 ರೂಪಾಯಿಗೆ ಫ್ಯಾನ್ ಬದಲಾಯಿಸಿಕೊಂಡೆ. ರಿಪೇರಿ ಮಾಡಿದ ಹುಡುಗ ಹಳೆಯ ಫ್ಯಾನ್ ಅನ್ನು ನನ್ನ ಕೈಗಿಟ್ಟ. ರೆಕ್ಕೆಗಳ ನಡುವೆ ಹತ್ತಿಯಂತೆ ದೂಳು ಕೂತಿತ್ತು. ಬೆರಳಲ್ಲಿ ತಿರುಗಿಸಿದರೆ ಅಲ್ಲಾಡುತ್ತಿತ್ತು. ಎರಡು ವರ್ಷ ಹಾಸಿಗೆ ಮೇಲಿಟ್ಟು ಸಿನಿಮಾ ನೋಡಿದವಳು ನಾನೇ. ಆಗಲೇ ಸವೆದಿದ್ದ ಫ್ಯಾನ್ ಅಪ್‌ಡೇಟ್ ಹೊತ್ತಿನಲ್ಲಿ ಪೂರ್ತಿ ವೇಗದಲ್ಲಿ ತಿರುಗಿ ಸೋತಿರಬಹುದು. ಅಪ್‌ಡೇಟ್ ಬಾರದಿದ್ದರೂ ಮುಂದಿನ ತಿಂಗಳು ಸಾಯುತ್ತಿತ್ತೇನೋ. ಅಪ್‌ಡೇಟ್‌ನಿಂದಲೇ ಹಾಳಾಯಿತು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ.

ನನ್ನ ತಕರಾರು ಇರುವುದು ಇಲ್ಲೇ. ನಾನು ಹೇಳಲಾರೆ, ಆದರೆ ಕಂಪನಿ ಹೇಳಬಲ್ಲದು. ಹಳೆಯ ಫರ್ಮ್‌ವೇರ್‌ನಲ್ಲಿ ಏನಿತ್ತು, ಹೊಸದರಲ್ಲಿ ಏನು ಬದಲಾಯಿತು, ಆ ಅಪ್‌ಡೇಟ್ ಆದ ತಿಂಗಳಲ್ಲಿ ಅದೇ ಮಾಡೆಲ್‌ನ ಎಷ್ಟು ಫ್ಯಾನ್‌ಗಳು ರಿಪೇರಿಗೆ ಬಂದವು ಎಂಬ ಲೆಕ್ಕ ನೋಡಬಲ್ಲವರು ಅವರು ಮಾತ್ರ. ನನ್ನ ಬಳಿ ಇರುವುದು ಒಂದು ಸತ್ತ ಫ್ಯಾನ್ ಮತ್ತು ಒಂದು ಅನುಮಾನ. ಹೀಗಿದ್ದೂ ಸಾಬೀತು ಮಾಡುವ ಹೊಣೆ ನನ್ನದು, ಬಿಲ್ ಕೂಡ ನನ್ನದೇ.

ಇದು ಬಡಪಾಯಿ ಗ್ರಾಹಕಳ ಗೊಣಗಾಟ ಮಾತ್ರ ಎನ್ನುವವರು ಇಟಲಿಯತ್ತ ನೋಡಬೇಕು. ಅಲ್ಲಿಯ ಸ್ಪರ್ಧಾ ಪ್ರಾಧಿಕಾರ 2018ರ ಅಕ್ಟೋಬರ್‌ನಲ್ಲಿ ಆ್ಯಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತು. ಹಳೆಯ ಫೋನ್‌ಗಳು ತಾಳಿಕೊಳ್ಳಲಾಗದ ಅಪ್‌ಡೇಟ್ ಹಾಕಿಸಿಕೊಳ್ಳುವಂತೆ ಮಾಡಿದ್ದು, ಸರಿಯಾದ ಮಾಹಿತಿ ಕೊಡದಿದ್ದದ್ದು, ಮೊದಲಿನ ಸ್ಥಿತಿಗೆ ಮರಳಲು ದಾರಿ ಇಡದಿದ್ದದ್ದು ತಪ್ಪು ಎಂದಿತು. 2020ರಲ್ಲಿ ಫ್ರಾನ್ಸ್ ಕೂಡ ಇಂಥದ್ದೇ ವಿಷಯಕ್ಕೆ ಆ್ಯಪಲ್‌ಗೆ 2.5 ಕೋಟಿ ಯೂರೊ ದಂಡ ವಿಧಿಸಿತು. ಅದು ಫೋನ್‌ನ ವೇಗದ ಮಾತು, ನನ್ನದು ಫ್ಯಾನ್‌ನ ಮಾತು, ನಿಜ. ಆದರೆ ಮಾರಿದ ಮೇಲೂ ವಸ್ತುವಿನ ಒಳಗೆ ಕೈ ಹಾಕುವವರು ಏನು ಮಾಡಿದೆವೆಂದು ಹೇಳಬೇಕು ಎಂಬ ನ್ಯಾಯ ಎರಡಕ್ಕೂ ಒಂದೇ.

ಗೆಳೆಯನೊಬ್ಬ ‘ನಾನಂತೂ ಅಪ್‌ಡೇಟ್ ಆಫ್ ಮಾಡಿಬಿಟ್ಟಿದ್ದೇನೆ’ ಎಂದು ಹೆಮ್ಮೆಯಿಂದ ಹೇಳಿದ. ಅದು ನೆಗಡಿಗೆ ಹೆದರಿ ಮೂಗು ಕೊಯ್ದುಕೊಂಡ ಹಾಗೆ. 2023ರ ಕೊನೆಯಲ್ಲಿ ‘ಲೋಗೊಫೇಲ್’ ಎಂಬ ದೋಷಗಳು ಬೆಳಕಿಗೆ ಬಂದವು. ಆನ್ ಆಗುವಾಗ ಕಾಣುವ ಕಂಪನಿ ಲೋಗೊದ ಚಿತ್ರದ ಮೂಲಕವೇ ಕಂಪ್ಯೂಟರ್‌ನ ಬುಡಕ್ಕೆ ನುಗ್ಗಬಹುದಾದ ದೋಷಗಳವು. ಅದಕ್ಕೆ ಮದ್ದು ಫರ್ಮ್‌ವೇರ್ ಅಪ್‌ಡೇಟ್ ಒಂದೇ. ಅಪ್‌ಡೇಟ್ ಬೇಕು. ಹೇಳದೆ ಕೇಳದೆ ಬರುವ ಅಪ್‌ಡೇಟ್ ಬೇಡ.

ನಾನು ಕೇಳುವುದು ಮೂರೇ. ಫರ್ಮ್‌ವೇರ್ ಅಪ್‌ಡೇಟ್ ಅನ್ನು ಉಳಿದವುಗಳ ಜೊತೆ ಗುಟ್ಟಾಗಿ ತೂರಿಸದೆ, ಏನು ಬದಲಾಗುತ್ತದೆ ಎಂದು ಸರಳವಾಗಿ ಬರೆದು ಒಪ್ಪಿಗೆ ಕೇಳಲಿ. ‘ಸ್ಥಿರತೆ ಹೆಚ್ಚಿಸಲಾಗಿದೆ’ ಎಂಬ ಒಂದು ಸಾಲು ಸಾಲದು. ಎರಡನೆಯದು, ಭದ್ರತೆಗೆ ಅಡ್ಡಿ ಇಲ್ಲದಿದ್ದಾಗ ಹಿಂದಿನ ಆವೃತ್ತಿಗೆ ಮರಳಲು ಬಿಡಲಿ. ಮೂರನೆಯದು, ತಾವೇ ಕಳಿಸಿದ ಅಪ್‌ಡೇಟ್ ಆದ ಮೂವತ್ತು ದಿನದೊಳಗೆ ಯಂತ್ರ ಕೆಟ್ಟರೆ, ವಾರಂಟಿ ಮುಗಿದಿದ್ದರೂ ಉಚಿತವಾಗಿ ಪರೀಕ್ಷಿಸಿ ಕಾರಣವನ್ನು ಬರೆದುಕೊಡಲಿ. ತಪ್ಪು ಫ್ಯಾನ್‌ನದ್ದೇ ಆದರೆ ದುಡ್ಡು ಕೊಡೋಣ.

ಅಲ್ಲಿಯವರೆಗೆ ನಾವೇ ಮಾಡಬಹುದಾದದ್ದೂ ಇದೆ. ವಿಂಡೋಸ್‌ನ ‘ಸಿಸ್ಟಮ್ ಇನ್ಫರ್ಮೇಷನ್’ನಲ್ಲಿ ಬಯಾಸ್ ಆವೃತ್ತಿ, ದಿನಾಂಕ ಸಿಗುತ್ತದೆ. ತಿಂಗಳಿಗೊಮ್ಮೆ ಫೋಟೊ ತೆಗೆದಿಡಿ. ಅಪ್‌ಡೇಟ್ ಆದ ಮೇಲೆ ಫ್ಯಾನ್ ಸದ್ದು ಬದಲಾದರೆ ಅವತ್ತೇ ವಿಡಿಯೊ ಮಾಡಿಕೊಳ್ಳಿ. ಪರೀಕ್ಷೆ, ಇಂಟರ್‌ವ್ಯೂ ಇರುವ ವಾರದಲ್ಲಿ ಅಪ್‌ಡೇಟ್ ಅನ್ನು ‘ಪಾಸ್’ ಮಾಡಿ, ಮುಗಿದ ಮೇಲೆ ಮರೆಯದೆ ಹಾಕಿ. ವರ್ಷಕ್ಕೊಮ್ಮೆ ದೂಳು ತೆಗೆಸಿ. ಸರ್ವಿಸ್ ಸೆಂಟರ್‌ನಲ್ಲಿ ಬಾಯಿ ಮಾತಿಗೆ ಒಪ್ಪದೆ ಜಾಬ್ ಶೀಟ್‌ನಲ್ಲಿ ನಿಮ್ಮ ದೂರನ್ನು ನಿಮ್ಮದೇ ಪದಗಳಲ್ಲಿ ಬರೆಸಿ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ, ಕೊಂಡ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವೂ ಇಲ್ಲ.

ನಾನೂ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಹೋದ ಪರೀಕ್ಷೆ ಮರಳಿ ಬರುವುದಿಲ್ಲ, 1,500 ರೂಪಾಯಿಯೂ ಬಾರದಿರಬಹುದು. ಆದರೆ ಒಂದೇ ಕಾಗೆ ಒಂದೇ ಟೊಂಗೆ ಮೇಲೆ ಕೂತರೆ ಅದು ಆಕಸ್ಮಿಕ. ಊರಲ್ಲೆಲ್ಲ ಕಾಗೆ ಕೂತಲ್ಲೆಲ್ಲ ಟೊಂಗೆ ಮುರಿಯುತ್ತಿದ್ದರೆ ಯಾರಾದರೂ ಮರವನ್ನು ನೋಡಲೇಬೇಕು. ಅದು ಗೊತ್ತಾಗಬೇಕಾದರೆ ಮುರಿದ ಟೊಂಗೆಗಳ ಲೆಕ್ಕ ಎಲ್ಲೋ ಒಂದು ಕಡೆ ದಾಖಲಾಗಬೇಕು. ನಿಮ್ಮ ಟೊಂಗೆ ಮುರಿದಿದ್ದರೆ ನೀವೂ ಬರೆಸಿ.