ಅಜ್ಜನ ಅಳತೆ ಎಷ್ಟು?

ಅಜ್ಜ ತೀರಿಕೊಂಡು ಹತ್ತು ತಿಂಗಳಾಯಿತು. ವರ್ಷದ ತಿಥಿಯ ಹೊತ್ತಿಗೆ ಅವರದೊಂದು ಸಿಲಿಕೋನ್ ಪ್ರತಿಮೆ ಮಾಡಿಸಿ ಹಜಾರದಲ್ಲಿ ಕೂರಿಸಬೇಕೆಂಬುದು ದೊಡ್ಡಪ್ಪನ ಆಸೆ. ಅಜ್ಜ ಕೂರುತ್ತಿದ್ದ ಕುರ್ಚಿಯಲ್ಲೇ, ಅವರದೇ ಪಂಚೆ, ಜುಬ್ಬ, ಕನ್ನಡಕ ಹಾಕಿ. ನಾನು ಶಿಲ್ಪಕಲೆ ಓದುತ್ತಿರುವುದರಿಂದ ನನಗೇ ಫೋನ್ ಬಂತು. ‘ನಿಂಗೆ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳು. ಬಂದೋರು ಅಪ್ಪನೇ ಕೂತಿದಾರೆ ಅಂತ ನಮಸ್ಕಾರ ಮಾಡ್ಬೇಕು, ಹಾಗಿರ್ಬೇಕು.’ ನಾನು ಬೇಡ ದೊಡ್ಡಪ್ಪ ಎಂದೆ. ಯಾಕೆ ಎಂದರು. ಥಟ್ಟನೆ ಹೇಳಲು ಬರಲಿಲ್ಲ.

ಅವರಿಗೆ ಈ ಯೋಚನೆ ಎಲ್ಲಿಂದ ಬಂತೆಂದು ನನಗೆ ಗೊತ್ತು. 2020ರಲ್ಲಿ ನಮ್ಮದೇ ರಾಜ್ಯದ ಉದ್ಯಮಿಯೊಬ್ಬರು ಹೊಸ ಮನೆಯ ಗೃಹಪ್ರವೇಶಕ್ಕೆ ತೀರಿಹೋದ ಹೆಂಡತಿಯ ಪ್ರತಿಮೆ ಮಾಡಿಸಿ ಸೋಫಾದ ಮೇಲೆ ಕೂರಿಸಿದ್ದರು. ಆ ಫೋಟೊ ಎಲ್ಲರ ಮೊಬೈಲಿಗೂ ಬಂದಿತ್ತು. ನಮ್ಮ ಮನೆಯಲ್ಲೂ ಅದನ್ನು ನೋಡಿ ಕಣ್ಣೊರೆಸಿಕೊಂಡವರಿದ್ದಾರೆ. ಅವರ ದುಃಖದ ಬಗ್ಗೆ ಮಾತಾಡಲು ನಾನು ಯಾರೂ ಅಲ್ಲ. ನನ್ನ ತಕರಾರು ಬೇರೆಯದು. ಪ್ರತಿಮೆ ಎಷ್ಟು ತದ್ರೂಪವಾಗಿರಬೇಕು ಎಂದು ನಾವೆಲ್ಲ ಕೇಳುತ್ತೇವೆ. ಎಷ್ಟು ದೊಡ್ಡದಿರಬೇಕು ಎಂದು ಯಾರೂ ಕೇಳುವುದಿಲ್ಲ. ಆಳೆತ್ತರವೇ ಸರಿ ಎಂದು ಮೊದಲೇ ತೀರ್ಮಾನವಾಗಿರುತ್ತದೆ.

ರಾನ್ ಮ್ಯೂಯಿಕ್ ಎಂಬ ಶಿಲ್ಪಿ ಇದ್ದಾರೆ. 1958ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹುಟ್ಟಿದವರು, ತಂದೆತಾಯಿ ಗೊಂಬೆ, ಆಟಿಕೆ ಮಾಡುವವರು. ಇವರೂ ಮೊದಲು ಮಕ್ಕಳ ಟೀವಿ ಕಾರ್ಯಕ್ರಮಗಳಿಗೆ, ಸಿನಿಮಾಗಳಿಗೆ ಬೊಂಬೆ ಮಾಡುತ್ತಿದ್ದರು. ಆಮೇಲೆ ಲಂಡನ್ನಿನಲ್ಲಿ ನೆಲೆಸಿದರು. 1997ರಲ್ಲಿ ಅಲ್ಲಿನ ರಾಯಲ್ ಅಕಾಡೆಮಿಯಲ್ಲಿ ನಡೆದ ‘ಸೆನ್ಸೇಷನ್’ ಪ್ರದರ್ಶನದಲ್ಲಿ ಅವರ ‘ಡೆಡ್ ಡ್ಯಾಡ್’ ಇತ್ತು. ತೀರಿಹೋದ ಅಪ್ಪ. ಬರಿಮೈಯಲ್ಲಿ ಅಂಗಾತ ಮಲಗಿದ್ದಾರೆ, ಅಂಗೈ ಮೇಲಕ್ಕೆ ಮಾಡಿಕೊಂಡು. ಕಾಲಿನ ಉಗುರು, ಮೊಣಕಾಲಿನ ಸುಕ್ಕು, ಬಣ್ಣ ಇಳಿದ ಚರ್ಮ, ಒಂದೊಂದಾಗಿ ನೆಟ್ಟ ಕೂದಲು, ಎಲ್ಲವೂ ಇವೆ. ಆ ಕೂದಲು ಮ್ಯೂಯಿಕ್‌ರದೇ ತಲೆಯದು. ಆದರೆ ಆ ಅಪ್ಪನ ಉದ್ದ ಸುಮಾರು 1 ಮೀಟರ್ ಮಾತ್ರ.

ನಾನು ಈ ಕೃತಿಯನ್ನು ಎದುರು ನಿಂತು ನೋಡಿಲ್ಲ, ಫೋಟೊದಲ್ಲಷ್ಟೇ ನೋಡಿದ್ದು. ಮೊದಲ ಸಲ ನೋಡಿದಾಗ ಅಬ್ಬಾ, ಎಷ್ಟು ಚೆನ್ನಾಗಿ ಮಾಡಿದ್ದಾರೆ ಅನ್ನಿಸಿತು, ಮುಂದಿನದಕ್ಕೆ ಹೋದೆ. ಮೊಬೈಲ್ ಪರದೆಯ ಮೇಲೆ ಎಲ್ಲರೂ ಒಂದೇ ಅಳತೆ ತಾನೆ? ಕೆಲವು ದಿನಗಳ ನಂತರ ಅದೇ ಪ್ರತಿಮೆಯ ಪಕ್ಕ ಪ್ರೇಕ್ಷಕರೊಬ್ಬರು ನಿಂತಿದ್ದ ಫೋಟೊ ಸಿಕ್ಕಿತು. ಆಗ ಎದೆ ಝಲ್ಲೆಂದಿತು. ಒಂದು ಮೀಟರ್ ಎಂದರೆ ಮೂರು ನಾಲ್ಕು ವರ್ಷದ ಮಗುವಿನ ಅಳತೆ. ಒಂದು ಕಾಲಕ್ಕೆ ನಮ್ಮನ್ನು ಎತ್ತಿಕೊಂಡು ತಿರುಗಿದವರು ಈಗ ನಾವೇ ಎತ್ತಿಕೊಳ್ಳಬಹುದಾದಷ್ಟು ಆಗಿಬಿಟ್ಟಿದ್ದಾರೆ.

ಅಜ್ಜನನ್ನು ಹಜಾರದಲ್ಲಿ ಚಾಪೆಯ ಮೇಲೆ ಮಲಗಿಸಿದ್ದಾಗ ನನಗೆ ಅನ್ನಿಸಿದ್ದೂ ಇದೇ: ಅಜ್ಜ ಇಷ್ಟೇನಾ? ಗದ್ದೆಯ ಬದುವಿನ ಮೇಲೆ ಅವರು ಮುಂದೆ, ನಾನು ಹಿಂದೆ ಹೋಗುವಾಗ ಅವರ ಬೆನ್ನು ಬಿಟ್ಟು ನನಗೆ ಇನ್ನೇನೂ ಕಾಣುತ್ತಿರಲಿಲ್ಲ. ಟೇಪು ಹಿಡಿದು ಅಳೆದಿದ್ದರೆ ಚಾಪೆಯ ಮೇಲಿದ್ದವರೂ ಬದುವಿನ ಮೇಲಿದ್ದವರೂ ಒಂದೇ ಎತ್ತರ ಬರುತ್ತಿದ್ದರು. ಆ ಟೇಪಿನ ಲೆಕ್ಕವನ್ನು ಮ್ಯೂಯಿಕ್ ಕೈಬಿಟ್ಟರು.

ಆಳೆತ್ತರದ ಮನುಷ್ಯರನ್ನು ದಿನವೂ ನೋಡುತ್ತೇವೆ, ಅದನ್ನೇ ಮಾಡುವುದರಲ್ಲಿ ತಮಗೆ ಆಸಕ್ತಿಯಿಲ್ಲ ಎಂಬರ್ಥದ ಮಾತನ್ನು ಅವರು ಆಡಿದ್ದಾರೆ. ಕೆಲವನ್ನು ಕುಗ್ಗಿಸಿದರು, ಕೆಲವನ್ನು ಹಿಗ್ಗಿಸಿದರು. 1999ರ ‘ಬಾಯ್’ನಲ್ಲಿ ಕುಕ್ಕುರುಗಾಲಲ್ಲಿ ಕೂತ, ಚಡ್ಡಿ ತೊಟ್ಟ ಹುಡುಗನೊಬ್ಬನಿದ್ದಾನೆ. ಕೂತರೇ ಸುಮಾರು 5 ಮೀಟರ್ ಎತ್ತರ. ಈಗ ಡೆನ್ಮಾರ್ಕಿನ ಆರ್‌ಹುಸ್ ನಗರದ ಮ್ಯೂಸಿಯಮ್ಮಿನಲ್ಲಿದ್ದಾನೆ. ಅಷ್ಟು ದೊಡ್ಡವನನ್ನು ಕಂಡು ನಮಗೆ ಭಯವಾಗಬೇಕು. ಆದರೆ ಅವನ ಓರೆಗಣ್ಣು ನೋಡಿದರೆ ಅವನೇ ಹೆದರಿದಂತಿದೆ. ದೊಡ್ಡದು ಮಾಡಿದ್ದು ಹುಡುಗನನ್ನಲ್ಲ, ಅವನ ಅಂಜಿಕೆಯನ್ನು ಎನ್ನಿಸುತ್ತದೆ.

ನಾವು ಪ್ರತಿಮೆಯನ್ನು ದೊಡ್ಡದು ಮಾಡುವುದು ಹೀಗಲ್ಲ. ಗುಜರಾತಿನ ಪಟೇಲರ ಪ್ರತಿಮೆ ಎಂದ ತಕ್ಷಣ ಎಲ್ಲರ ಬಾಯಲ್ಲಿ ಬರುವುದು 182 ಮೀಟರ್. ಮುಖ ಹೇಗಿದೆ ಎಂದು ಕೇಳಿದರೆ ಎಷ್ಟು ಜನ ಹೇಳುತ್ತಾರೋ. ಹಾಗೆಂದು ಎತ್ತರವೇ ತಪ್ಪಲ್ಲ. ಶ್ರವಣಬೆಳಗೊಳದಲ್ಲಿ 57 ಅಡಿಯ ಗೊಮ್ಮಟನ ಮುಂದೆ ನಿಂತಾಗ ನನ್ನ ಮಾತು ನಿಂತಿತ್ತು. ಆದರೆ ಅವನು ಉಸಿರಾಡಲಿ ಎಂದು ನಾವ್ಯಾರೂ ಕಾಯುವುದಿಲ್ಲ. ಅವನ ಮೈಮೇಲೆ ರೋಮ, ಬೆವರು ಬಿಡಿಸಿದ್ದರೆ ಬೆಟ್ಟ ಹತ್ತಿದವರು ಅರ್ಧಕ್ಕೇ ಇಳಿದು ಓಡುತ್ತಿದ್ದರೇನೋ!

ಆಳೆತ್ತರವನ್ನು ಪೂರ್ತಿ ತಳ್ಳಿಹಾಕಲೂ ಆರೆ. ಅಮೆರಿಕದ ಡ್ವೇನ್ ಹ್ಯಾನ್ಸನ್ ಜನರ ಮೈಯಿಂದಲೇ ಅಚ್ಚು ತೆಗೆದು ಆಳೆತ್ತರದ ಪ್ರತಿಮೆಗಳನ್ನು ಮಾಡಿದವರು. 1970ರ ‘ಟೂರಿಸ್ಟ್ಸ್’ನಲ್ಲಿ ಹೂವಿನ ಅಂಗಿ ತೊಟ್ಟು, ಕ್ಯಾಮೆರಾ ನೇತುಹಾಕಿಕೊಂಡ ಗಂಡ, ಪಕ್ಕದಲ್ಲಿ ಹೆಂಡತಿ. ನೆಲ ಒರೆಸುವವರು, ಕೂಲಿಯವರು, ದಣಿದು ಕೂತವರು ಅವರಿಗೆ ಬೇಕಿದ್ದರು. ದಿನವೂ ಪಕ್ಕದಲ್ಲೇ ಇದ್ದೂ ನಾವು ನೋಡದ ಜನ. ಅವರನ್ನು ನಮ್ಮ ಅಳತೆಗೇ ನಿಲ್ಲಿಸಬೇಕಿತ್ತು, ಅಲ್ಲಿ ಅದು ಸರಿ. ಆದರೆ ಅಜ್ಜನನ್ನು ನಮ್ಮ ಮನೆಯಲ್ಲಿ ಯಾರೂ ನೋಡದೆ ಬಿಟ್ಟಿರಲಿಲ್ಲ. ಅವರು ಇಲ್ಲ ಎಂಬುದನ್ನು ನಮಗೆ ನೋಡಲು ಆಗುತ್ತಿಲ್ಲ, ಅಷ್ಟೆ. ಆಳೆತ್ತರದ ಸಿಲಿಕೋನ್ ಅದನ್ನೇ ಮುಚ್ಚಿಡುತ್ತದೆ. ಮೊದಲ ಕ್ಷಣ ಅಜ್ಜ ಇದ್ದಾರೆ ಎನ್ನುತ್ತದೆ, ಎರಡನೇ ಕ್ಷಣ ಇಲ್ಲ ಎನ್ನುತ್ತದೆ. ಬಾಗಿಲು ದಾಟಿದಾಗಲೆಲ್ಲ ಇದೇ ಆದರೆ ಸಹಿಸುವುದು ಹೇಗೆ? ಚಿಕ್ಕದು ಮಾಡಿದ ಪ್ರತಿಮೆ ಇಂಥ ಆಟ ಆಡುವುದಿಲ್ಲ. ಇಲ್ಲ ಎಂದು ಮೊದಲೇ ಒಪ್ಪಿಕೊಂಡಿರುತ್ತದೆ, ಆಮೇಲೆ ನಾವು ಎಷ್ಟು ಹೊತ್ತು ಬೇಕಾದರೂ ನೋಡುತ್ತಾ ಕೂರಬಹುದು.

ಇಷ್ಟೆಲ್ಲ ದೊಡ್ಡಪ್ಪನಿಗೆ ಹೇಳಿದೆ. ‘ಫಾರಿನ್ನಿನವರ ಕಥೆ ಇಲ್ಲಿ ಬೇಡ’ ಎಂದರು. ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. ಅವರು ಬತ್ತಿ ಹೊಸೆಯುತ್ತಾ, ‘ರಾತ್ರಿ ನೀರು ಕುಡಿಯೋಕೆ ಎದ್ದಾಗ ಅವರು ಅಲ್ಲಿ ಕೂತಿದ್ರೆ ಕಾಫಿ ಬೇಕಾ ಅಂತ ಕೇಳಿಬಿಡ್ತೀನಿ ಕಣೆ. ಆಮೇಲೆ?’ ಎಂದರು.

ಈಗ ಜೇಡಿಮಣ್ಣಿನಲ್ಲಿ ಒಂದು ಗೇಣಿನ ಅಜ್ಜನನ್ನು ಮಾಡುತ್ತಿದ್ದೇನೆ, ಕುರ್ಚಿಯಲ್ಲಿ ಕೂತ ಹಾಗೆ. ದೊಡ್ಡಪ್ಪ ಇನ್ನೂ ಒಪ್ಪಿಲ್ಲ. ಹೋದ ಭಾನುವಾರ ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಮೂಗು ಸರಿ ಬಂದಿಲ್ಲವಂತೆ. ಅಪ್ಪನ ಮೂಗು ಎಡಕ್ಕೆ ಸ್ವಲ್ಪ ವಾಲಿತ್ತು ಎಂದರು. ತಿದ್ದಬೇಕು.